ಸುಕ್ಕಿಗೋ ಕಾಯಿಲೆಗೋ: ಬೊಟಾಕ್ಸ್‌ಗೆ ಒಪ್ಪುವ ಮೊದಲು

ಸ್ನಾಯುವನ್ನು ಕೆಲಕಾಲ ಸಡಿಲಗೊಳಿಸುವ ಬೊಟಾಕ್ಸ್ ಚುಚ್ಚುಮದ್ದಿನ ಬಗ್ಗೆ ನಮ್ಮಲ್ಲಿ ಎರಡು ಅಭಿಪ್ರಾಯಗಳು ಚಾಲ್ತಿಯಲ್ಲಿವೆ. ಸುಕ್ಕು ಅಳಿಸಲು ಹಾಕಿಸಿಕೊಂಡರೆ ಶೋಕಿ, ಕಾಯಿಲೆಗೆ ಹಾಕಿಸಿಕೊಂಡರೆ ಚಿಕಿತ್ಸೆ. ಮೊದಲನೆಯದನ್ನು ಮುಚ್ಚಿಡುತ್ತಾರೆ, ಎರಡನೆಯದನ್ನು ಬೇಕಾದರೆ ನೆಂಟರ ಮುಂದೆ ಹೇಳಿಕೊಳ್ಳುತ್ತಾರೆ. ಹರಟೆಗೆ ಈ ವಿಂಗಡಣೆ ಸಾಕು. ನಿಜವಾಗಿ ಆಯ್ಕೆ ಮಾಡಬೇಕಾದವರಿಗೆ ಇದರಿಂದ ಹೆಚ್ಚು ಉಪಯೋಗವಿಲ್ಲ, ಏಕೆಂದರೆ ಸೀಸೆಯೊಳಗಿನ ಪದಾರ್ಥ ಒಂದೇ, ಮತ್ತು ಹಾಕಿಸಿಕೊಳ್ಳುವವರ ಉದ್ದೇಶ ಏನೆಂದು ಸ್ನಾಯುವಿಗೆ ಗೊತ್ತಾಗುವುದಿಲ್ಲ. ನನ್ನನ್ನು ಯಾರಾದರೂ ಸಲಹೆ ಕೇಳಿದರೆ ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಇದನ್ನು ಹಾಕಿಸಿಕೊಳ್ಳದೆ ಬಿಟ್ಟರೆ ನೀವು ಕಳೆದುಕೊಳ್ಳುವುದೇನು? ಹಾಕಿಸಿಕೊಂಡ ಮೇಲೆ ಫಲ ಸಿಕ್ಕಿತೋ ಇಲ್ಲವೋ ಎಂದು ಯಾವ ಅಳತೆಯಿಂದ ತೀರ್ಮಾನಿಸುತ್ತೀರಿ?

ಈ ಮದ್ದು ನಡೆದು ಬಂದ ದಾರಿಯನ್ನು ನೋಡಿದರೂ ಶೋಕಿಗೂ ಚಿಕಿತ್ಸೆಗೂ ನಡುವೆ ಗೋಡೆ ಕಾಣುವುದಿಲ್ಲ. ಜರ್ಮನಿಯ ವುರ್ಟೆಂಬರ್ಗ್‌ನಲ್ಲಿ ಕೆಟ್ಟ ಸಾಸೇಜ್ ತಿಂದು ಜನ ಸಾಯುತ್ತಿದ್ದ ಕಾಲದಲ್ಲಿ ಯುಸ್ಟಿನುಸ್ ಕೆರ್ನರ್ ಎಂಬ ವೈದ್ಯ 1820ರ ದಶಕದ ಆರಂಭದಲ್ಲಿ ಆ ಸಾವುಗಳಿಗೆ ಕಾರಣವಾದ, ಇಂದು ಬೊಟಾಕ್ಸ್‌ನಲ್ಲಿರುವ ಬೊಟುಲಿನಮ್ ವಿಷದ ಲಕ್ಷಣಗಳನ್ನು ವಿವರವಾಗಿ ಬರೆದಿಟ್ಟ. ಅತಿಯಾಗಿ ಕೆರಳಿದ ನರಗಳನ್ನು ಶಮನಗೊಳಿಸಲು ಇದೇ ವಿಷ ಮುಂದೊಂದು ದಿನ ಒದಗಿ ಬಂದೀತು ಎಂದೂ ಊಹಿಸಿದ. ಆ ಊಹೆ ನಿಜವಾಗಲು ಒಂದೂವರೆ ಶತಮಾನ ಹಿಡಿಯಿತು. ಸ್ಯಾನ್ ಫ್ರಾನ್ಸಿಸ್ಕೋದ ನೇತ್ರ ತಜ್ಞ ಅಲನ್ ಸ್ಕಾಟ್ ಮೆಳ್ಳಗಣ್ಣನ್ನು ಶಸ್ತ್ರಚಿಕಿತ್ಸೆಯಿಲ್ಲದೆ ಸರಿಪಡಿಸುವ ದಾರಿ ಹುಡುಕುತ್ತ ಮೊದಲು ಮಂಗಗಳ ಮೇಲೆ, ಆಮೇಲೆ ಮನುಷ್ಯರ ಮೇಲೆ ಇದನ್ನು ಪ್ರಯೋಗಿಸಿದ. ಅಮೆರಿಕದ ಔಷಧ ನಿಯಂತ್ರಕರು 1989ರಲ್ಲಿ ಒಪ್ಪಿಗೆ ಕೊಟ್ಟಿದ್ದು ಮೆಳ್ಳಗಣ್ಣಿಗೆ ಮತ್ತು ರೆಪ್ಪೆಗಳು ತಾವಾಗಿ ಬಿಗಿದು ಮುಚ್ಚಿಕೊಳ್ಳುವ ಕಾಯಿಲೆಗೆ. ಆಗ ಅದರ ಹೆಸರು ಆಕ್ಯುಲಿನಮ್. ಬೊಟಾಕ್ಸ್ ಎಂಬ ಹೆಸರು ಬಂದದ್ದು ಅಲರ್ಗನ್ ಕಂಪನಿ ಅದನ್ನು ಕೊಂಡ ಮೇಲೆ.

ಸುಕ್ಕಿನ ಬಳಕೆ ಹುಟ್ಟಿದ್ದೂ ಕಾಯಿಲೆಯ ಕೋಣೆಯಲ್ಲೇ. ಕೆನಡಾದ ವ್ಯಾಂಕೂವರ್‌ನಲ್ಲಿ ನೇತ್ರ ತಜ್ಞೆ ಜೀನ್ ಕರೂಥರ್ಸ್ ಬಳಿ ರೆಪ್ಪೆಯ ಸೆಳೆತಕ್ಕೆ ಬರುತ್ತಿದ್ದ ರೋಗಿಯೊಬ್ಬರು 1987ರಲ್ಲಿ ಹುಬ್ಬಿನ ನಡುವೆಯೂ ಚುಚ್ಚಿರೆಂದು ಕೇಳಿದರು. ಅಲ್ಲಿ ಚುಚ್ಚಿದಾಗ ಗಂಟು ಮೋರೆಯ ಗೆರೆಗಳು ಮಾಯವಾಗುವುದನ್ನು ಅವರು ಗಮನಿಸಿದ್ದರು. ಜೀನ್ ಅವರ ಪತಿ ಅಲಸ್ಟೇರ್ ಚರ್ಮರೋಗ ತಜ್ಞ. ಗಂಡ ಹೆಂಡತಿ ಸೇರಿ 1992ರಲ್ಲಿ ಇದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅದೇ ದಶಕದಲ್ಲಿ ಲಾಸ್ ಏಂಜಲೀಸ್‌ನ ವಿಲಿಯಂ ಬೈಂಡರ್ ಎಂಬ ವೈದ್ಯನಿಗೆ ಸುಕ್ಕಿಗೆಂದು ಚುಚ್ಚಿಸಿಕೊಂಡವರಲ್ಲಿ ಕೆಲವರು ತಲೆನೋವೂ ಕಡಿಮೆಯಾಗಿದೆ ಎಂದರು. ಇಂದಿನ ಮೈಗ್ರೇನ್ ಚಿಕಿತ್ಸೆಯ ಮೂಲ ಆ ಮಾತು. ಕಾಯಿಲೆಯಿಂದ ಸೌಂದರ್ಯಕ್ಕೆ, ಸೌಂದರ್ಯದಿಂದ ಮತ್ತೆ ಕಾಯಿಲೆಗೆ ಹೀಗೆ ಓಡಾಡಿದ ಔಷಧಿಗಳು ಹೆಚ್ಚಿಲ್ಲ.

ಕೆಲಸ ಮಾಡುವ ಬಗೆ ಎರಡೂ ಕಡೆ ಒಂದೇ. ನರ ತನ್ನ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಿಟ್ಟು ಸ್ನಾಯುವಿಗೆ ಬಿಗಿಯಲು ಹೇಳುತ್ತದೆ. ಈ ಮದ್ದು ಆ ಬಿಡುಗಡೆಯನ್ನೇ ತಡೆಯುತ್ತದೆ. ಬೆವರಿನ ಗ್ರಂಥಿಗಳಿಗೂ ಅದೇ ರಾಸಾಯನಿಕದ ಅಪ್ಪಣೆ ಬೇಕಾದ್ದರಿಂದ ಬೆವರೂ ನಿಲ್ಲುತ್ತದೆ. ಕೆಲವು ದಿನಗಳಲ್ಲಿ ಪರಿಣಾಮ ಶುರುವಾಗಿ ಎರಡು ವಾರಗಳ ಹೊತ್ತಿಗೆ ಪೂರ್ತಿ ಕಾಣುತ್ತದೆ, ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಒಮ್ಮೆ ನರದೊಳಗೆ ಹೋದ ಮದ್ದನ್ನು ಹೊರತೆಗೆಯುವ ಉಪಾಯವಿಲ್ಲ. ತುಟಿಗೆ, ಕೆನ್ನೆಗೆ ತುಂಬಿಸುವ ಹಯಲುರಾನಿಕ್ ಆಮ್ಲದ ಫಿಲ್ಲರ್ ಇಷ್ಟವಾಗದಿದ್ದರೆ ಇನ್ನೊಂದು ಚುಚ್ಚುಮದ್ದಿನಿಂದ ಕರಗಿಸಬಹುದು. ಬೊಟಾಕ್ಸ್ ಇಷ್ಟವಾಗದಿದ್ದರೆ ಕಾಯುವುದೇ ಗತಿ. ಹೆಣ್ಣುಮಕ್ಕಳ ಪಾರ್ಲರ್‌ಗಳಲ್ಲಿ ‘ಹೇರ್ ಬೊಟಾಕ್ಸ್’ ಎಂದು ಮಾರುವ ಕೂದಲಿನ ಲೇಪಕ್ಕೂ ಇದಕ್ಕೂ ಸಂಬಂಧವಿಲ್ಲ. ಅದರಲ್ಲಿ ಈ ಮದ್ದು ಇರುವುದಿಲ್ಲ, ಹೆಸರಿನ ಮೋಹ ಮಾತ್ರ ಇದೆ.

ಅಂಕಿಗಳು ಹೇಳುವ ವಿಚಿತ್ರ

ಚಿಕಿತ್ಸೆ ಎಂದು ಗೌರವ ಪಡೆದ ಬಳಕೆಯಲ್ಲಿ ಫಲ ಖಚಿತ, ಶೋಕಿ ಎನಿಸಿಕೊಂಡದ್ದರಲ್ಲಿ ಅನುಮಾನ ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಪರೀಕ್ಷೆಗಳ ಲೆಕ್ಕ ತಲೆಕೆಳಗಾಗಿದೆ. ಹುಬ್ಬಿನ ನಡುವಿನ ಗೆರೆಗೆ 2002ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ ಪರೀಕ್ಷೆಗಳಲ್ಲಿ, 30ನೇ ದಿನ ವೈದ್ಯರು ನೋಡಿದಾಗ ಮದ್ದು ಪಡೆದವರಲ್ಲಿ ಶೇ. 80ರಷ್ಟು ಜನರ ಗೆರೆ ಇಲ್ಲವಾಗಿತ್ತು ಅಥವಾ ತೀರಾ ತೆಳುವಾಗಿತ್ತು. ಬರೀ ಲವಣಜಲ ಚುಚ್ಚಿಸಿಕೊಂಡವರಲ್ಲಿ ಆ ಪ್ರಮಾಣ ಶೇ. 3. ಇಷ್ಟು ನಿಚ್ಚಳ ವ್ಯತ್ಯಾಸ ತೋರಿಸುವ ಔಷಧಿ ಅಪರೂಪ.

ದೀರ್ಘಕಾಲದ ಮೈಗ್ರೇನ್‌ನಲ್ಲಿ ಏನಾಯಿತು? ತಿಂಗಳಿಗೆ ಸುಮಾರು 20 ದಿನ ತಲೆನೋವಿನಿಂದ ನರಳುತ್ತಿದ್ದವರ ಮೇಲೆ ನಡೆದ ಎರಡು ದೊಡ್ಡ ಪರೀಕ್ಷೆಗಳಲ್ಲಿ, 24 ವಾರಗಳ ಹೊತ್ತಿಗೆ ಮದ್ದು ಪಡೆದವರಿಗೆ ತಿಂಗಳಿಗೆ 8.4 ದಿನ ನೋವು ಕಡಿಮೆಯಾಯಿತು. ಲವಣಜಲ ಪಡೆದವರಿಗೆ 6.6 ದಿನ ಕಡಿಮೆಯಾಯಿತು. ಅಂತರ ಎರಡು ದಿನಕ್ಕೂ ಕಡಿಮೆ. 2010ರಲ್ಲಿ ಒಪ್ಪಿಗೆ ಸಿಕ್ಕಿದ್ದು ಇದೇ ಆಧಾರದ ಮೇಲೆ.

ಹಾಗಾದರೆ ಸುಕ್ಕಿಗೆ ಹಾಕಿಸಿಕೊಳ್ಳಿ, ತಲೆನೋವಿಗೆ ಬೇಡ ಎನ್ನಬೇಕೇ? ಇಲ್ಲಿಯೇ ನನ್ನ ಮೊದಲ ಪ್ರಶ್ನೆ ಕೆಲಸಕ್ಕೆ ಬರುತ್ತದೆ. ಹುಬ್ಬಿನ ಗೆರೆ ಹಾಗೇ ಉಳಿದರೆ ಕನ್ನಡಿಯ ಮುಂದೆ ಒಂದಿಷ್ಟು ಬೇಸರ. ತಿಂಗಳಲ್ಲಿ 20 ದಿನ ಕತ್ತಲೆ ಕೋಣೆಯಲ್ಲಿ ಮಲಗುವವರಿಗೆ ಎರಡು ದಿನ ವಾಪಸು ಸಿಕ್ಕರೂ ಅದು ಸಂಬಳ, ಅಡುಗೆಮನೆ, ಮಕ್ಕಳ ಪರೀಕ್ಷೆ ಎಲ್ಲವನ್ನೂ ಮುಟ್ಟುತ್ತದೆ. ಒಂದು ಕಡೆ ಖಚಿತವಾದ ಸಣ್ಣ ಲಾಭ, ಇನ್ನೊಂದು ಕಡೆ ಅನಿಶ್ಚಿತವಾದ ದೊಡ್ಡ ಲಾಭ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಯಾವುದು ಮೇಲು ಎಂದು ವಾದಿಸುವುದು ವ್ಯರ್ಥ.

ಸುಕ್ಕಿಗೆ ಹಾಕಿಸಿಕೊಳ್ಳುವುದಾದರೆ

ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ತಲೆಗೆ ಬಣ್ಣ ಹಚ್ಚಿಕೊಳ್ಳುವ ಸಮಾಜ ಹಣೆಯ ಗೆರೆಯ ವಿಷಯದಲ್ಲಿ ಮಾತ್ರ ಸಂನ್ಯಾಸ ಬೋಧಿಸುವುದು ಸರಿಯಲ್ಲ. ಆದರೆ ಯಾವ ಗೆರೆಗೆ ಎಂಬುದು ಮುಖ್ಯ. ಹುಬ್ಬು ಗಂಟಿಕ್ಕಿದಾಗ, ನಕ್ಕಾಗ, ಆಶ್ಚರ್ಯಪಟ್ಟಾಗ ಮೂಡುವ ಗೆರೆಗಳಿಗೆ ಇದು ಕೆಲಸ ಮಾಡುತ್ತದೆ. ಮುಖ ಸುಮ್ಮನಿದ್ದಾಗಲೂ ಇರುವ ಆಳವಾದ ಗೆರೆ, ಜೋತುಬಿದ್ದ ಕೆನ್ನೆ, ಬಿಸಿಲಿಗೆ ಒರಟಾದ ಚರ್ಮ, ಬಂಗು, ಕಣ್ಣಿನ ಕೆಳಗಿನ ಕಪ್ಪು, ಇವುಗಳಿಗೆ ಇದರಿಂದ ಹೆಚ್ಚು ಪ್ರಯೋಜನವಿಲ್ಲ. ನಮ್ಮ ಕಡೆಯ ಚರ್ಮದಲ್ಲಿ ವಯಸ್ಸು ಸುಕ್ಕಿಗಿಂತ ಮೊದಲು ಬಣ್ಣದ ಏರುಪೇರಾಗಿ ಕಾಣಿಸಿಕೊಳ್ಳುವುದೇ ಹೆಚ್ಚು. ಅಂಥವರು ಸನ್‌ಸ್ಕ್ರೀನ್ ಮತ್ತು ವೈದ್ಯರು ಬರೆದುಕೊಡುವ ಟ್ರೆಟಿನಾಯಿನ್ ಮುಲಾಮಿನಿಂದ ಆರಂಭಿಸುವುದು ಒಳ್ಳೆಯದು. ಖರ್ಚು ಕಡಿಮೆ, ತಾಳ್ಮೆ ಮಾತ್ರ ಹೆಚ್ಚು ಬೇಕು.

ಹುಬ್ಬಿನ ನಡುವಿಗೆ ಬೊಟಾಕ್ಸ್‌ನ ಅಂಗೀಕೃತ ಪ್ರಮಾಣ ಐದು ಕಡೆ ನಾಲ್ಕು ನಾಲ್ಕರಂತೆ 20 ಯೂನಿಟ್. ಕಣ್ಣಿನ ಹೊರಮೂಲೆಯ ಗೆರೆಗಳಿಗೆ ಎರಡೂ ಕಡೆ ಸೇರಿ 24. ಹುಬ್ಬಿನ ನಡುವೆ ಚುಚ್ಚುವಾಗ ಮದ್ದು ಸ್ವಲ್ಪ ಕೆಳಗೆ ಹರಿದರೆ ರೆಪ್ಪೆ ಜೋಲುತ್ತದೆ. ಪರೀಕ್ಷೆಗಳಲ್ಲಿ ಶೇ. 3ರಷ್ಟು ಜನರಿಗೆ ಹೀಗಾಗಿದೆ. ವಾರಗಳಲ್ಲಿ ಸರಿಹೋಗುತ್ತದೆ, ಆದರೆ ಆ ವಾರಗಳಲ್ಲೇ ನಿಮ್ಮ ಮಗಳ ಮದುವೆ ಬಂದರೆ ಆಲ್ಬಂ ಪೂರ್ತಿ ಒಂದು ಕಣ್ಣು ಅರ್ಧ ಮುಚ್ಚಿರುತ್ತದೆ. ಸಮಾರಂಭಕ್ಕೆ ಹದಿನೈದು ದಿನ ಇರುವಾಗ ಜೀವನದಲ್ಲಿ ಮೊದಲ ಬಾರಿಗೆ ಬೊಟಾಕ್ಸ್ ಪ್ರಯೋಗ ಮಾಡಬೇಡಿ. ಮೊದಲ ಸಲ ಕಡಿಮೆ ಪ್ರಮಾಣ ಕೇಳಿ. ಸಾಲದಿದ್ದರೆ ಎರಡು ವಾರದ ಮೇಲೆ ಸೇರಿಸಬಹುದು, ಹೆಚ್ಚಾದದ್ದನ್ನು ತೆಗೆಯಲಾಗದು.

ಮುಖವೇ ಉಪಕರಣವಾಗಿರುವವರು ಇನ್ನಷ್ಟು ಯೋಚಿಸಬೇಕು. ಭರತನಾಟ್ಯದ ಅಭಿನಯ, ಯಕ್ಷಗಾನದ ವೇಷ, ರಂಗಭೂಮಿ ಎಲ್ಲವೂ ಹುಬ್ಬಿನ ಮೇಲೆ ನಿಂತಿವೆ. ಹುಬ್ಬು ಅಲುಗಾಡದ ಕಲಾವಿದೆಗೆ ನವರಸಗಳಲ್ಲಿ ಕೆಲವು ನಾಲ್ಕು ತಿಂಗಳು ರಜೆಯ ಮೇಲೆ ಹೋಗುತ್ತವೆ.

ಹದಿನೆಂಟು ತುಂಬದವರಿಗೆ ಸೌಂದರ್ಯಕ್ಕಾಗಿ ಇದನ್ನು ಚುಚ್ಚುವುದನ್ನು ಇಂಗ್ಲೆಂಡ್ 2021ರಲ್ಲಿ ಕಾನೂನಿನಿಂದಲೇ ನಿಷೇಧಿಸಿತು. ಇಪ್ಪತ್ತರ ಹರೆಯದಲ್ಲಿ ‘ಮುಂದೆ ಗೆರೆ ಬಾರದಿರಲಿ’ ಎಂದು ಶುರುಮಾಡುವ ಹೊಸ ರೂಢಿಯ ಬಗ್ಗೆ ನನಗೆ ಮೆಚ್ಚುಗೆಯಿಲ್ಲ. ಇಲ್ಲದ ಗೆರೆಗೆ ಮದ್ದು ಹಾಕಿಸಿಕೊಂಡರೆ ಫಲ ಸಿಕ್ಕಿತೆಂದು ಅಳೆಯುವುದು ಹೇಗೆ? ನನ್ನ ಎರಡನೆಯ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ.

ಕಾಯಿಲೆಗೆ ಹಾಕಿಸಿಕೊಳ್ಳುವುದಾದರೆ

ಈ ಬದಿಯಲ್ಲಿ ನನಗೆ ಕಾಣುವ ದೊಡ್ಡ ತೊಂದರೆ ಅತಿಬಳಕೆಯಲ್ಲ, ಹಿಂಜರಿಕೆ. ಕತ್ತು ಒಂದು ಬದಿಗೆ ತಿರುಚಿಕೊಂಡೇ ಇರುವವರು, ಮುಖದ ಅರ್ಧಭಾಗ ಸದಾ ಸೆಳೆಯುವವರು, ರೆಪ್ಪೆ ಬಿಗಿದು ರಸ್ತೆ ದಾಟಲಾಗದವರು ಈ ಹೆಸರು ಕೇಳಿದೊಡನೆ ‘ಅದು ಸಿನಿಮಾದವರ ಇಂಜೆಕ್ಷನ್, ಅದು ವಿಷ’ ಎಂದು ಎದ್ದು ಬರುತ್ತಾರೆ. ರೆಪ್ಪೆಯ ಸೆಳೆತ, ಕತ್ತಿನ ಡಿಸ್ಟೋನಿಯಾದಂಥ (ಸ್ನಾಯು ತಾನಾಗಿ ಬಿಗಿದು ತಿರುಚಿಕೊಳ್ಳುವ) ಕಾಯಿಲೆಗಳಲ್ಲಿ ಇದು ಕೊನೆಗೆ ಉಳಿದ ದಾರಿಯಲ್ಲ, ಮೊದಲ ಸಾಲಿನ ಚಿಕಿತ್ಸೆ. ಗುಳಿಗೆಗಳು ಇಡೀ ಮೈಯನ್ನು ಮಂಕುಗೊಳಿಸುತ್ತವೆ, ಇದು ತೊಂದರೆ ಕೊಡುವ ಸ್ನಾಯುವಿಗಷ್ಟೇ ಹೋಗುತ್ತದೆ. ಇಂಥ ಚಿಕಿತ್ಸೆಗೆ ನರರೋಗ ತಜ್ಞರು, ಅದರಲ್ಲೂ ಚಲನೆಯ ಕಾಯಿಲೆಗಳನ್ನು ನೋಡುವವರು ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ಅಂಥವರಿದ್ದಾರೆ.

ಅಮೆರಿಕದ ಪಿಯಾನೋ ವಾದಕ ಲಿಯಾನ್ ಫ್ಲೈಷರ್ ಬಗ್ಗೆ ಇಲ್ಲಿ ಹೇಳಬೇಕು. 1960ರ ದಶಕದ ನಡುವೆ ಆತನ ಬಲಗೈಯ ಬೆರಳುಗಳು ತಾವಾಗಿ ಮಡಚಿಕೊಳ್ಳತೊಡಗಿದವು. ಮೂರು ದಶಕ ಎಡಗೈಯಿಂದಷ್ಟೇ ನುಡಿಸಬಹುದಾದ ಕೃತಿಗಳನ್ನು ನುಡಿಸಿ, ಪಾಠ ಹೇಳಿ, ವಾದ್ಯಗೋಷ್ಠಿ ನಿರ್ದೇಶಿಸಿ ಕಾಲ ತಳ್ಳಿದ. 1990ರ ದಶಕದಲ್ಲಿ ಬೊಟಾಕ್ಸ್ ಮತ್ತು ಅಂಗಮರ್ದನದ ನೆರವಿನಿಂದ ಮತ್ತೆ ಎರಡೂ ಕೈ ಬಳಸಿದ. ಕಾಯಿಲೆ ವಾಸಿಯಾಗಿರಲಿಲ್ಲ, ಹದಕ್ಕೆ ಬಂದಿತ್ತು ಅಷ್ಟೇ. ಬರೆಯುವಾಗ ಮಾತ್ರ ಕೈ ಬಿಗಿಯುವ ಗುಮಾಸ್ತರಿಗೂ ವೀಣೆಯ ಮೇಲೆ ಬೆರಳು ಕೇಳದ ಸಂಗೀತಗಾರರಿಗೂ ಇದೇ ಮಾತು ಅನ್ವಯಿಸುತ್ತದೆ. ಪ್ರಮಾಣ ಕೊಂಚ ಹೆಚ್ಚಾದರೂ ಬೆರಳು ಸೋಲುತ್ತದೆ, ಕಡಿಮೆಯಾದರೆ ಸೆಳೆತ ಉಳಿಯುತ್ತದೆ.

ಪಾರ್ಶ್ವವಾಯುವಿನ ನಂತರ ಕೈಕಾಲು ಬಿಗಿದುಕೊಂಡವರಿಗೆ, ಸೆರೆಬ್ರಲ್ ಪಾಲ್ಸಿಯಿಂದ ಮುಂಗಾಲಿನಲ್ಲಿ ನಡೆಯುವ ಮಕ್ಕಳಿಗೆ ಚುಚ್ಚುಮದ್ದು ಅರ್ಧ ಕೆಲಸ ಮಾತ್ರ. ಸ್ನಾಯು ಸಡಿಲವಾಗಿರುವ ಆ ಮೂರು ತಿಂಗಳಲ್ಲಿ ಫಿಸಿಯೋಥೆರಪಿ ನಡೆಯದಿದ್ದರೆ ಹಣ ನೀರಿಗೆ ಹೋಯಿತೆಂದೇ ತಿಳಿಯಿರಿ. ವ್ಯಾಯಾಮಕ್ಕೆ ಕರೆದೊಯ್ಯಲು ಮನೆಯಲ್ಲಿ ಯಾರಿದ್ದಾರೆ ಎಂಬುದನ್ನು ಮೊದಲು ಗೊತ್ತು ಮಾಡಿಕೊಂಡು ಆಮೇಲೆ ದಿನ ನಿಗದಿ ಮಾಡಿ.

ಮೈಗ್ರೇನ್‌ಗೆ ಬಂದರೆ, ತಿಂಗಳಿಗೆ 15 ಅಥವಾ ಹೆಚ್ಚು ದಿನ ತಲೆನೋವಿರುವವರಿಗೆ ಮಾತ್ರ ಈ ಮಾತು. ಅದಕ್ಕಿಂತ ಕಡಿಮೆ ಇದ್ದರೆ ಇದು ಕೆಲಸ ಮಾಡುತ್ತದೆಂದು ಪರೀಕ್ಷೆಗಳು ತೋರಿಸಿಲ್ಲ. ಹಣೆ, ಕಣ್ಣು ಕಿವಿಗಳ ನಡುವಿನ ಕಣತಲೆ, ತಲೆಯ ಹಿಂಭಾಗ, ಕತ್ತು, ಭುಜ ಹೀಗೆ 31 ಕಡೆ ಒಟ್ಟು 155 ಯೂನಿಟ್, 12 ವಾರಕ್ಕೊಮ್ಮೆ. ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಟೋಪಿರಮೇಟ್‌ನಂಥ ಅಗ್ಗದ ಗುಳಿಗೆಗಳನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ಕಾಲ ತೆಗೆದುಕೊಂಡು ನೋಡದೆ ಇದಕ್ಕೆ ಹಾರಬೇಕಿಲ್ಲ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ವ್ಯವಸ್ಥೆಗೆ ಮಾರ್ಗಸೂಚಿ ಬರೆಯುವ ಸಂಸ್ಥೆ 2012ರಲ್ಲಿ ಇಟ್ಟ ಷರತ್ತು ನನಗೆ ಹಿಡಿಸುತ್ತದೆ: ಕನಿಷ್ಠ ಮೂರು ಬಗೆಯ ತಡೆ ಔಷಧಿ ಸೋತಿರಬೇಕು, ನೋವಿನ ಮಾತ್ರೆಗಳ ಅತಿಬಳಕೆ ಹದಕ್ಕೆ ಬಂದಿರಬೇಕು, ಮತ್ತು ಎರಡು ಸುತ್ತಿನ ನಂತರ ನೋವಿನ ದಿನಗಳು ಶೇ. 30ರಷ್ಟಾದರೂ ಇಳಿಯದಿದ್ದರೆ ನಿಲ್ಲಿಸಬೇಕು. ನಿಲ್ಲಿಸುವ ಗೆರೆಯನ್ನು ಮೊದಲೇ ಎಳೆದುಕೊಂಡು ಆರಂಭಿಸಿದ ಚಿಕಿತ್ಸೆಯಲ್ಲಿ ಮೋಸಹೋಗುವುದು ಕಷ್ಟ. ಮೊದಲ ಚುಚ್ಚುಮದ್ದಿಗೆ ಒಂದು ತಿಂಗಳು ಮುಂಚೆಯೇ ಕ್ಯಾಲೆಂಡರ್ ಮೇಲೆ ನೋವಿನ ದಿನಗಳನ್ನು ಗುರುತು ಹಾಕತೊಡಗಿ. ಆ ಕಾಗದವಿಲ್ಲದೆ ‘ಸ್ವಲ್ಪ ವಾಸಿ ಅನ್ನಿಸುತ್ತೆ’ ಎಂಬ ಮಾತಿಗೆ ಬೆಲೆಯಿಲ್ಲ.

ಮೂತ್ರಕೋಶ ಹಿಡಿತಕ್ಕೆ ಸಿಗದವರಿಗೆ 100 ಯೂನಿಟ್ ಕೊಡುತ್ತಾರೆ. ಒಪ್ಪುವ ಮೊದಲು ಒಂದು ಸಂಗತಿ ತಿಳಿದಿರಲಿ: ಕೆಲವರಿಗೆ ಮೂತ್ರ ಕಟ್ಟಿಕೊಂಡು ಕೆಲಕಾಲ ತಾವೇ ನಳಿಕೆ ಹಾಕಿಕೊಳ್ಳಬೇಕಾಗುತ್ತದೆ.

ಎರಡಕ್ಕೂ ಸೇರದ ನಡುವಿನ ಜಾಗ

ಕಂಕುಳಿನ ಅತಿಬೆವರು ಕಾಯಿಲೆಯೋ ಅಲಂಕಾರವೋ? ಮಧ್ಯಾಹ್ನದೊಳಗೆ ಎರಡು ಅಂಗಿ ಬದಲಿಸುವವರನ್ನು, ಬೆವರಿನ ಅಂಗೈಯಿಂದ ಉತ್ತರ ಪತ್ರಿಕೆ ಒದ್ದೆಯಾಗುವ ವಿದ್ಯಾರ್ಥಿಯನ್ನು ಕೇಳಿ ನೋಡಿ. ಕಂಕುಳಿಗೆ ತಲಾ 50 ಯೂನಿಟ್‌ನಂತೆ ಕೊಡುವ ಚಿಕಿತ್ಸೆಗೆ ಅಮೆರಿಕದಲ್ಲಿ 2004ರಲ್ಲೇ ಒಪ್ಪಿಗೆ ಸಿಕ್ಕಿದೆ, ಮತ್ತು ಪರಿಣಾಮ ಸುಕ್ಕಿಗಿಂತ ಹೆಚ್ಚು ಕಾಲ, ಆರು ತಿಂಗಳಿಗೂ ಮೀರಿ ನಿಲ್ಲುವುದುಂಟು. ಹಣಕ್ಕೆ ತಕ್ಕ ಫಲ ಎಂಬ ಲೆಕ್ಕದಲ್ಲಿ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೇ. ಆದರೆ ಅಲ್ಯೂಮಿನಿಯಂ ಕ್ಲೋರೈಡ್ ಲೇಪ ಮೊದಲು ಪ್ರಯತ್ನಿಸಿ. ಅಂಗೈಗೆ ಚುಚ್ಚುವುದು ಬಹಳ ನೋವು, ಹಿಡಿತ ಕೆಲಕಾಲ ಸಡಿಲವಾಗಲೂಬಹುದು.

ದವಡೆಯ ಸ್ನಾಯುವಿನ ವಿಷಯದಲ್ಲಿ ನನ್ನ ಅನುಮಾನ ಹೆಚ್ಚು. ರಾತ್ರಿ ಹಲ್ಲು ಕಡಿಯುವುದಕ್ಕೆಂದು ಚುಚ್ಚಿದರೆ ಮುಖದ ಅಗಲವೂ ಕಡಿಮೆಯಾಗುತ್ತದೆ, ಹಾಗಾಗಿ ಮುಖ ತೆಳುವಾಗಿಸುವುದನ್ನೇ ‘ಚಿಕಿತ್ಸೆ’ ಎಂದು ಮಾರುವುದು ಸುಲಭ. ಹಲ್ಲು ಕಡಿಯುವವರು ದಂತವೈದ್ಯರ ಕವಚದಿಂದ ಆರಂಭಿಸಲಿ. ಮುಖ ತೆಳುವಾಗಲೆಂದೇ ಬಂದವರು ಹಾಗೆಂದು ನೇರವಾಗಿ ಹೇಳಿ ಹಾಕಿಸಿಕೊಳ್ಳಲಿ. ಮುಖದ ಲಕ್ವದ ನಂತರ ಒಂದು ಬದಿ ಎಳೆದುಕೊಂಡವರ ಕತೆ ಬೇರೆ. ಅಲ್ಲಿ ಚಂದವೂ ಚಿಕಿತ್ಸೆಯೂ ಬೇರ್ಪಡಿಸಲಾಗದಷ್ಟು ಬೆರೆತಿವೆ, ನಾನು ಎರಡನೆಯ ಯೋಚನೆಯಿಲ್ಲದೆ ಹೌದು ಎನ್ನುತ್ತೇನೆ.

ತೂಕ ಇಳಿಸಲು ಹೊಟ್ಟೆಯೊಳಗೆ ಚುಚ್ಚಿಸಿಕೊಳ್ಳುವುದು ಮಾತ್ರ ಬೇಡ. 2023ರ ಆರಂಭದಲ್ಲಿ ಟರ್ಕಿಯಲ್ಲಿ ಹಾಗೆ ಮಾಡಿಸಿಕೊಂಡ ಹಲವು ದೇಶಗಳ 80ಕ್ಕೂ ಹೆಚ್ಚು ಜನರಲ್ಲಿ ಬೊಟುಲಿಸಂ, ಅಂದರೆ ಕೆರ್ನರ್ ವರ್ಣಿಸಿದ ಅದೇ ವಿಷಬಾಧೆ, ಕಾಣಿಸಿಕೊಂಡಿತು.

ಸೂಜಿ ಹಿಡಿದ ಕೈ, ಸೀಸೆಯ ಮೇಲಿನ ಚೀಟಿ

ಅನಾಹುತಗಳ ಸುದ್ದಿ ಓದುತ್ತ ಹೋದರೆ ತಪ್ಪು ಹೆಚ್ಚಾಗಿ ಮದ್ದಿನದಲ್ಲ, ಅದು ಬಂದ ಜಾಗದ್ದು. 2004ರಲ್ಲಿ ಫ್ಲಾರಿಡಾದಲ್ಲಿ ನಾಲ್ವರು ಉಸಿರಾಟದ ಯಂತ್ರದ ಪಾಲಾದದ್ದು ಪ್ರಯೋಗಾಲಯಕ್ಕೆಂದು ತಯಾರಿಸಿದ, ಮನುಷ್ಯರಿಗೆ ಅನುಮತಿಯಿಲ್ಲದ ವಿಷವನ್ನು ಚುಚ್ಚಿದ್ದರಿಂದ. 2024ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ನಕಲಿ ಸೀಸೆಗಳು ಸಿಕ್ಕಿದವು. ಅಸಲಿ ಮದ್ದಿನ ಪೊಟ್ಟಣದ ಮೇಲೂ 2009ರಿಂದ ಒಂದು ಎಚ್ಚರಿಕೆ ಅಚ್ಚಾಗಿದೆ: ಪರಿಣಾಮ ಚುಚ್ಚಿದ ಜಾಗದಿಂದ ಆಚೆಗೂ ಹರಡಬಹುದು. ನುಂಗಲು, ಮಾತನಾಡಲು, ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಓಡಿ.

ಕ್ಲಿನಿಕ್ಕಿನ ಗೋಡೆಯ ಮೇಲೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿಯ ನೋಂದಣಿ ಪತ್ರ ಇದೆಯೇ ನೋಡಿ. ಸೀಸೆಯನ್ನು ನಿಮ್ಮ ಮುಂದೆಯೇ ತೆರೆಯಲು ಹೇಳಿ, ಬ್ರ್ಯಾಂಡ್ ಮತ್ತು ಬ್ಯಾಚ್ ಸಂಖ್ಯೆಯ ಫೋಟೊ ತೆಗೆದುಕೊಳ್ಳಿ. ಇದಕ್ಕೆ ಮುಖ ಗಂಟಿಕ್ಕುವ ವೈದ್ಯರಿಂದ ಗಂಟು ಬಿಡಿಸಿಕೊಳ್ಳುವ ಅಗತ್ಯವಿಲ್ಲ. ಎಷ್ಟು ಯೂನಿಟ್ ಎಂದು ಬರೆಸಿಕೊಳ್ಳಿ. ಆದರೆ ಬೊಟಾಕ್ಸ್‌ನ ಯೂನಿಟ್, ಇದೇ ಬಗೆಯ ಇನ್ನೊಂದು ಬ್ರ್ಯಾಂಡ್ ಆದ ಡಿಸ್ಪೋರ್ಟ್‌ನ ಯೂನಿಟ್ ಹಿಂದಿನ ಕಾಲದ ಸೇರಿನಂತೆ: ಒಂದೂರಿನ ಅಳತೆ ಇನ್ನೊಂದೂರಿಗೆ ಹೊಂದುವುದಿಲ್ಲ. ‘ನಮ್ಮಲ್ಲಿ ಅದೇ ಬೆಲೆಗೆ ಮೂರು ಪಟ್ಟು ಯೂನಿಟ್’ ಎಂಬ ಜಾಹೀರಾತು ಕಂಡರೆ ಯಾವ ಬ್ರ್ಯಾಂಡ್ ಎಂದು ಮೊದಲು ಕೇಳಿ.

ಗರ್ಭಿಣಿಯರು, ಮಯಸ್ತೀನಿಯಾ ಗ್ರೇವಿಸ್‌ನಂಥ ನರ ಮತ್ತು ಸ್ನಾಯುವಿನ ಕಾಯಿಲೆಯಿರುವವರು, ಚುಚ್ಚುವ ಜಾಗದಲ್ಲಿ ಸೋಂಕಿರುವವರು ಸುಕ್ಕಿನ ಆಸೆ ಬಿಡುವುದೇ ಸರಿ. ಜೆಂಟಾಮೈಸಿನ್‌ನಂಥ ಆಂಟಿಬಯೋಟಿಕ್ ನಡೆಯುತ್ತಿದ್ದರೆ ಮೊದಲೇ ಹೇಳಿ. ಮೂರು ತಿಂಗಳಿಗೊಮ್ಮೆ ಎಂಬ ಅಂತರವನ್ನು ಕುಗ್ಗಿಸಿ ಮತ್ತೆ ಮತ್ತೆ ಹಾಕಿಸಿಕೊಂಡರೆ ಅಪರೂಪಕ್ಕೆ ದೇಹ ಪ್ರತಿಕಾಯ ಬೆಳೆಸಿಕೊಂಡು ಮದ್ದು ನಾಟದಂತಾಗುತ್ತದೆ. ಇಂದು ಹಣೆಗೆಂದು ಅವಸರಪಟ್ಟವರಿಗೆ ನಾಳೆ ಕತ್ತಿಗೆ ಬೇಕಾದಾಗ ಅದು ಕೈಕೊಡಬಹುದು.

ಬಿಲ್ಲು

ಹುಬ್ಬಿನ ನಡುವಿಗೆ ವರ್ಷಕ್ಕೆ ನಾಲ್ಕು ಬಾರಿಯೆಂದರೆ 80 ಯೂನಿಟ್, ಮೈಗ್ರೇನ್‌ಗೆ 620. ಚಿಕಿತ್ಸೆ ಎಂಬ ಹೆಸರಿದ್ದ ಮಾತ್ರಕ್ಕೆ ವಿಮೆ ಕೈಹಿಡಿಯುತ್ತದೆ ಎಂದು ಎಣಿಸಬೇಡಿ. ರೂಪ ಬದಲಿಸುವ ಚಿಕಿತ್ಸೆಯನ್ನು ಭಾರತದ ಆರೋಗ್ಯ ವಿಮೆಗಳು ಹೊರಗಿಡುತ್ತವೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನರ್ರಚನೆಗೆ ಮತ್ತು ಆರೋಗ್ಯಕ್ಕೆ ನೇರ ಅಪಾಯವಿದೆಯೆಂದು ವೈದ್ಯರು ಪ್ರಮಾಣೀಕರಿಸಿದ ಸಂದರ್ಭಕ್ಕೆ ಮಾತ್ರ ವಿನಾಯಿತಿ. ಕಾಯಿಲೆಯೇ ಆಗಿದ್ದರೂ, ಆಸ್ಪತ್ರೆಗೆ ಸೇರದೆ ಅರ್ಧ ಗಂಟೆಯಲ್ಲಿ ಮುಗಿಯುವ ಚುಚ್ಚುಮದ್ದು ಹೊರರೋಗಿ ಖರ್ಚಾಗಿ ಅನೇಕ ಪಾಲಿಸಿಗಳಲ್ಲಿ ಜಾರಿಹೋಗುತ್ತದೆ. ಆರೋಗ್ಯ ಸೇವೆಗಿರುವ ಜಿಎಸ್‌ಟಿ ವಿನಾಯಿತಿ ಸೌಂದರ್ಯದ ಶಸ್ತ್ರಚಿಕಿತ್ಸೆಗೆ ಸಿಗುವುದಿಲ್ಲ, ಹಾಗಾಗಿ ಸುಕ್ಕಿನ ಬಿಲ್ಲಿನಲ್ಲಿ ತೆರಿಗೆ ಇದೆಯೇ ಎಂದು ಮೊದಲೇ ಕೇಳಿ. ಕಾಯಿಲೆಗೆ ಹಾಕಿಸಿಕೊಳ್ಳುವವರು ರೋಗದ ಹೆಸರು, ಹಿಂದೆ ಸೋತ ಔಷಧಿಗಳು, ಕೊಡಲಿರುವ ಯೂನಿಟ್ ಇಷ್ಟನ್ನೂ ಲೆಟರ್‌ಹೆಡ್ ಮೇಲೆ ಬರೆಸಿಕೊಂಡು ವಿಮಾ ಕಂಪನಿಗೆ ಕಳುಹಿಸಿ, ಅವರ ಉತ್ತರ ಲಿಖಿತವಾಗಿ ಬಂದ ಮೇಲೆ ದಿನ ಗೊತ್ತು ಮಾಡಿಕೊಳ್ಳಿ.